ಪಂಪಿನಿಂದ ಫ್ಯಾನಿಗೆ: ಹಳೆಯ ಎಕ್ಸ್58 ಡೆಸ್ಕ್‌ಟಾಪಿನಲ್ಲಿ ನಾಕ್ಟುವಾ ಎನ್‌ಎಚ್-ಯು12ಎಸ್

ಹದಿನೈದು ವರ್ಷ ದಾಟಿದ ಡೆಸ್ಕ್‌ಟಾಪ್ ಒಂದರೊಳಗೆ ಮೂಲ ಲಿಕ್ವಿಡ್ ಕೂಲರ್ (ಪ್ರೊಸೆಸರಿನ ಶಾಖವನ್ನು ದ್ರವದ ಮೂಲಕ ಹೊರಗೊಯ್ಯುವ ಸಾಧನ) ಇನ್ನೂ ಓಡುತ್ತಿದ್ದರೆ ಅದರ ಮಾಲೀಕರು ಹೆಮ್ಮೆಪಡುವುದಕ್ಕಿಂತ ಎಚ್ಚರ ವಹಿಸುವುದು ಮೇಲು. ಸೀಲ್ ಮಾಡಿದ ಕೂಲರಿನೊಳಗೆ ಎಷ್ಟು ದ್ರವ ಉಳಿದಿದೆ, ಪಂಪಿನ ಬೇರಿಂಗ್ ಎಷ್ಟು ಸವೆದಿದೆ ಎಂಬುದನ್ನು ಹೊರಗಿನಿಂದ ನೋಡಿ ತಿಳಿಯುವ ದಾರಿಯಿಲ್ಲ. ಅಂಥ ಯಂತ್ರವೊಂದರಿಂದ ದ್ರವವನ್ನು ಪೂರ್ತಿ ಹೊರಗಿಟ್ಟು, ಸದ್ದಿಲ್ಲದ ಗಾಳಿಯ ವ್ಯವಸ್ಥೆಗೆ ಬದಲಾಯಿಸಲು ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಯು12ಎಸ್ ಟವರ್ ಕೂಲರ್ ಎಷ್ಟು ತಕ್ಕದ್ದು ಎಂಬುದನ್ನು ಈ ವಿಮರ್ಶೆಯಲ್ಲಿ ನೋಡುತ್ತೇನೆ. ಹೊಸ ಪ್ರೊಸೆಸರುಗಳ ಮೇಲೆ ಇದರ ಪರೀಕ್ಷೆಗಳು ಬೇಕಾದಷ್ಟು ಬಂದಿವೆ. ಹಳೆಯ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಹಳೆಯ ಕ್ಯಾಬಿನೆಟ್, ಹಳೆಯ ಬಯೋಸ್ (ಬೋರ್ಡನ್ನು ನಿಯಂತ್ರಿಸುವ ಮೂಲ ತಂತ್ರಾಂಶ) ಇರುವ ಕಡೆ ಇದು ಹೇಗೆ ಹೊಂದುತ್ತದೆ ಎಂಬುದರ ಬಗ್ಗೆ ಬರೆದವರು ಕಡಿಮೆ.

ಯಂತ್ರದ ವಿವರ ಹೀಗಿದೆ. ಇಂಟೆಲ್ 2008ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಕೋರ್ ಐ7-920 ಪ್ರೊಸೆಸರ್, ಅದರ ಜೊತೆಗೆ ಎಲ್‌ಜಿಎ 1366 ಸಾಕೆಟ್ ಮತ್ತು ಎಕ್ಸ್58 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, ಮೂರು ಚಾನೆಲ್ಲಿನ ಡಿಡಿಆರ್3 ಮೆಮೊರಿ. 45 ನ್ಯಾನೋಮೀಟರಿನ ಈ ಪ್ರೊಸೆಸರಿನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಮೂಲ ವೇಗ 2.66 ಗಿಗಾಹರ್ಟ್ಸ್, ಇಂಟೆಲ್ ನಮೂದಿಸಿದ ಉಷ್ಣದ ಪ್ರಮಾಣ 130 ವ್ಯಾಟ್. ಆ ಕಾಲಕ್ಕೆ 130 ವ್ಯಾಟ್ ಎಂದರೆ ದೊಡ್ಡ ಸಂಖ್ಯೆಯಾಗಿತ್ತು, ಪೆಟ್ಟಿಗೆಯೊಳಗೆ ಇಂಟೆಲ್ ಕೊಡುತ್ತಿದ್ದ ದುಂಡನೆಯ ಕೂಲರ್ ಕೆಲಸ ಹೆಚ್ಚಾದಾಗ ಜೋರಾಗಿ ಕಿರುಚುತ್ತಿತ್ತು. ಆದ್ದರಿಂದಲೇ 2009ರ ನಂತರ ಮಾರುಕಟ್ಟೆಗೆ ಬಂದ, ಬಳಕೆದಾರರು ದ್ರವ ತುಂಬುವ ಅಗತ್ಯವಿಲ್ಲದ, 120 ಮಿಲಿಮೀಟರ್ ರೇಡಿಯೇಟರಿನ ಲಿಕ್ವಿಡ್ ಕೂಲರುಗಳು ಈ ಸಾಕೆಟ್ಟಿನವರಿಗೆ ಬಹಳ ಹಿಡಿಸಿದವು. ನನ್ನ ಯಂತ್ರದಲ್ಲಿದ್ದದ್ದೂ ಅದೇ ಬಗೆಯದು: ಪ್ರೊಸೆಸರಿನ ಮೇಲೆ ಪಂಪ್ ಸೇರಿದ ತಾಮ್ರದ ಬ್ಲಾಕ್, ಅಲ್ಲಿಂದ ಎರಡು ನಳಿಕೆಗಳು, ಹಿಂಬದಿಯಲ್ಲಿ ರೇಡಿಯೇಟರ್ ಮತ್ತು ಒಂದು ಫ್ಯಾನ್.

ಇಂಥ ಕೂಲರ್ ವಯಸ್ಸಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬದಲಾವಣೆಯ ನಿಜವಾದ ಕಾರಣ ಅಲ್ಲಿದೆ. ನಳಿಕೆಯ ಗೋಡೆಯ ಮೂಲಕ ದ್ರವದಲ್ಲಿನ ನೀರಿನ ಅಂಶ ವರ್ಷಗಳ ಉದ್ದಕ್ಕೂ ಅತಿ ನಿಧಾನವಾಗಿ ಹೊರಹೋಗುತ್ತದೆ, ಅದು ಹೋದಷ್ಟು ಜಾಗದಲ್ಲಿ ಒಳಗೆ ಗಾಳಿ ನಿಲ್ಲುತ್ತದೆ. ಈ ಗಾಳಿಗುಳ್ಳೆ ರೇಡಿಯೇಟರಿನ ಮೇಲ್ಭಾಗದಲ್ಲಿ ಇದ್ದಷ್ಟು ದಿನ ತೊಂದರೆಯಿಲ್ಲ, ಪಂಪಿನೊಳಗೆ ಬಂದಾಗ ಗೊರಗೊರ ಸದ್ದು ಶುರುವಾಗುತ್ತದೆ. ಇನ್ನೊಂದು ಕಡೆ, ಬ್ಲಾಕ್ ತಾಮ್ರದ್ದು, ರೇಡಿಯೇಟರ್ ಬಹುಪಾಲು ಅಲ್ಯೂಮಿನಿಯಮ್ಮಿನದು. ಎರಡು ಬೇರೆ ಲೋಹಗಳು ಒಂದೇ ದ್ರವದಲ್ಲಿ ಇದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ಅದನ್ನು ತಡೆಯಲು ದ್ರವಕ್ಕೆ ಬೆರೆಸಿದ ರಾಸಾಯನಿಕಗಳ ಶಕ್ತಿಯೂ ಕಾಲಕ್ರಮದಲ್ಲಿ ಕುಂದುತ್ತದೆ. ಹಾಗೆ ಹುಟ್ಟಿದ ಗಸಿ ಹೋಗಿ ಸೇರುವುದು ಪ್ರೊಸೆಸರಿನ ನೆತ್ತಿಯ ಮೇಲಿರುವ ಬ್ಲಾಕಿನ ಕೂದಲೆಳೆಯಂಥ ಸೀಳುಗಳಲ್ಲಿ. ತಾಪಮಾನ ಹಂತಹಂತವಾಗಿ ಏರುತ್ತದೆ, ಫ್ಯಾನ್ ಹೆಚ್ಚು ಜೋರಾಗಿ ಓಡುತ್ತದೆ, ಸದ್ದಿಗೆ ಹೆದರಿ ದ್ರವಕ್ಕೆ ಮೊರೆಹೋದವರು ಮತ್ತೆ ಸದ್ದಿನ ನಡುವೆಯೇ ಕುಳಿತಿರುತ್ತಾರೆ.

ದ್ರವದ ಈ ಕಥೆಗೆ ಕಂಪ್ಯೂಟರ್ ಲೋಕದಲ್ಲಿ ಒಂದು ಪ್ರಸಿದ್ಧ ಪೂರ್ವೋದಾಹರಣೆ ಇದೆ. ಆಪಲ್ ಕಂಪನಿ 2004ರ ಜೂನಿನಲ್ಲಿ 2.5 ಗಿಗಾಹರ್ಟ್ಸ್‌ನ ಎರಡು ಪ್ರೊಸೆಸರುಗಳ ಪವರ್ ಮ್ಯಾಕ್ ಜಿ5 ಯಂತ್ರವನ್ನು ಲಿಕ್ವಿಡ್ ಕೂಲಿಂಗಿನೊಂದಿಗೆ ಹೊರತಂದಿತು, 2005ರಲ್ಲಿ ಬಂದ 2.7 ಗಿಗಾಹರ್ಟ್ಸ್‌ನ ಮಾದರಿಯಲ್ಲೂ ಕ್ವಾಡ್ ಮಾದರಿಯಲ್ಲೂ ಅದನ್ನು ಮುಂದುವರಿಸಿತು. 90 ನ್ಯಾನೋಮೀಟರಿಗೆ ಇಳಿದ ಪವರ್‌ಪಿಸಿ 970ಎಫ್ಎಕ್ಸ್ ಚಿಪ್ಪಿನ ವಿಸ್ತೀರ್ಣ ಸುಮಾರು 66 ಚದರ ಮಿಲಿಮೀಟರ್ ಮಾತ್ರ. ಅಷ್ಟು ಚಿಕ್ಕ ಜಾಗದಿಂದ ಅಷ್ಟು ಶಾಖವನ್ನು ಬೇಗ ಎತ್ತಿ ಸಾಗಿಸಲು ಆಗ ದ್ರವವೇ ಸರಿ ಎಂದು ಅವರಿಗೆ ಕಂಡಿತು. ಅಂದವಾದ ಎಂಜಿನಿಯರಿಂಗ್ ಅದು. ಆದರೆ ವರ್ಷಗಳು ಕಳೆದಂತೆ ಅವುಗಳಲ್ಲಿ ಹಲವು ಸೋರಿದವು, ಕೆಳಗಿದ್ದ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮತ್ತು ಬೋರ್ಡುಗಳು ಹಾಳಾದವು, ಇಂದು ಹಳೆಯ ಜಿ5 ಕೊಳ್ಳುವವರು ಮೊದಲು ತಳದ ಲೋಹದಲ್ಲಿ ಕಲೆ ಇದೆಯೇ ಎಂದು ನೋಡುವುದು ರೂಢಿಯಾಗಿದೆ. ಗಾಳಿಯಿಂದ ತಣಿಯುವ ಜಿ5 ಯಂತ್ರಗಳ ಮಾಲೀಕರಿಗೆ ಈ ಒಂದು ಚಿಂತೆ ಇಲ್ಲ.

ಹಾಗಾದರೆ ದ್ರವವನ್ನು ಬಿಟ್ಟರೆ ನಾವು ಕಳೆದುಕೊಳ್ಳುವುದೇನು? ನನ್ನ ಉತ್ತರ: 120 ಮಿಲಿಮೀಟರಿನ ಒಂದೇ ರೇಡಿಯೇಟರ್ ಇದ್ದ ಯಂತ್ರದಲ್ಲಿ, ಹೆಚ್ಚುಕಡಿಮೆ ಏನೂ ಇಲ್ಲ. ಶಾಖ ಕೊನೆಗೆ ಸೇರಬೇಕಾದದ್ದು ಕೋಣೆಯ ಗಾಳಿಯನ್ನೇ. ದ್ರವ ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತೊಯ್ಯುತ್ತದೆ, ಗಾಳಿಗೆ ಬಿಟ್ಟುಕೊಡುವ ಕೆಲಸ ರೇಡಿಯೇಟರಿನ ರೆಕ್ಕೆಗಳದ್ದು ಮತ್ತು ಅದರ ಹಿಂದಿನ ಒಂದು ಫ್ಯಾನಿನದ್ದು. ಟವರ್ ಕೂಲರಿನಲ್ಲಿಯೂ ಅದೇ ಅಳತೆಯ ಒಂದು ಫ್ಯಾನ್, ರೆಕ್ಕೆಗಳ ದೊಡ್ಡ ಕಟ್ಟು, ನಡುವೆ ಪಂಪಿನ ಬದಲು ಹೀಟ್‌ಪೈಪುಗಳು. ಹೀಟ್‌ಪೈಪ್ ಎಂದರೆ ಒಳಗೆ ತುಸುವೇ ನೀರಿಟ್ಟು, ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆ. ಬಿಸಿ ತುದಿಯಲ್ಲಿ ಆ ನೀರು ಆವಿಯಾಗಿ ತಣ್ಣನೆಯ ತುದಿಗೆ ಹೋಗಿ, ಅಲ್ಲಿ ಹನಿಯಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದ ಮೂಲಕ ತಾನಾಗಿಯೇ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಇದನ್ನು ಕಾರ್ಯರೂಪಕ್ಕೆ ತಂದರು. ತಿರುಗುವ ಭಾಗವಿಲ್ಲ, ರಬ್ಬರಿನ ಜೋಡಣೆಯಿಲ್ಲ, ಸವೆಯಲು ಬೇರಿಂಗ್ ಇಲ್ಲ. ಎನ್‌ಎಚ್-ಯು12ಎಸ್‌ನಲ್ಲಿ ಇಂಥ ಐದು ಕೊಳವೆಗಳು ತಳದ ತಾಮ್ರಕ್ಕೂ ರೆಕ್ಕೆಗಳಿಗೂ ಬೆಸುಗೆಗೊಂಡಿವೆ. ದ್ರವಕ್ಕೆ ಒಂದು ಲಾಭವಂತೂ ಇದ್ದೇ ಇದೆ: ಅದು ಶಾಖವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವುದರಿಂದ ಅರೆಕ್ಷಣದ ಭಾರ ಬಂದಾಗ ತಾಪಮಾನ ಜಿಗಿಯುವುದಿಲ್ಲ. 240 ಅಥವಾ 360 ಮಿಲಿಮೀಟರಿನ ರೇಡಿಯೇಟರ್ ಇಟ್ಟುಕೊಂಡು ಪ್ರೊಸೆಸರನ್ನು ಮಿತಿಮೀರಿ ಓಡಿಸುವವರಿಗೆ ನನ್ನ ಈ ವಾದ ಅನ್ವಯಿಸುವುದಿಲ್ಲ.

ಕೊಳ್ಳುವ ಮುನ್ನ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಕೂಲರ್ ಕೂರಿಸಲು ಮದರ್‌ಬೋರ್ಡಿನಲ್ಲಿರುವ ತೂತುಗಳ ಅಂತರಕ್ಕೆ. ಎಲ್‌ಜಿಎ 775 ಸಾಕೆಟ್ಟಿನಲ್ಲಿ ಅದು 72 ಮಿಲಿಮೀಟರ್, 1156 ಹಾಗೂ ಅದರ ನಂತರದ 115ಎಕ್ಸ್ ಸಾಲಿನಲ್ಲಿ 75, ಈಚಿನ 1700ರಲ್ಲಿ 78, ನಮ್ಮ 1366ರಲ್ಲಿ 80. ಎಂಟು ಮಿಲಿಮೀಟರಿನೊಳಗಿನ ಈ ವ್ಯತ್ಯಾಸದಿಂದಾಗಿ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಒಳ್ಳೊಳ್ಳೆಯ ಕೂಲರುಗಳಲ್ಲಿ ಹೆಚ್ಚಿನವು ನಮ್ಮ ಪಾಲಿಗೆ ನಿರುಪಯುಕ್ತ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ "ಇಂಟೆಲ್‌ಗೆ ಆಗುತ್ತಾ?" ಎಂದು ಕೇಳಿದರೆ "ಆಗುತ್ತೆ ಸಾರ್" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ, ಪ್ರಶ್ನೆಯೇ ಅಪೂರ್ಣ. ಸಾಕೆಟ್ಟಿನ ಸಂಖ್ಯೆ ಹೇಳಿ, ಡಬ್ಬಿಯ ಮೇಲಿನ ಪಟ್ಟಿಯಲ್ಲಿ 1366 ಇದೆಯೇ ಎಂದು ಕಣ್ಣಾರೆ ನೋಡಬೇಕು. ನಾಕ್ಟುವಾ ಡಬ್ಬಿಯೊಳಗೂ 1366ರ ಸಾಮಗ್ರಿ ಇರುವುದಿಲ್ಲ. ಅದಕ್ಕೆ ಎನ್‌ಎಮ್-ಐ3 ಎಂಬ ಜೋಡಣೆಯ ಕಿಟ್ ಬೇರೆಯಾಗಿ ಬೇಕು. ಕೂಲರಿಗಿಂತ ಮೊದಲು ಆ ಕಿಟ್ಟನ್ನು ಹುಡುಕಿಕೊಳ್ಳುವುದು ಜಾಣತನ. ಇಷ್ಟಾದರೂ ಹಳೆಯ ಸಾಕೆಟ್ಟಿನವರನ್ನು ಪೂರ್ತಿ ಕೈಬಿಡದೆ ಒಂದು ದಾರಿ ಇಟ್ಟಿರುವ ಕಂಪನಿ ಎಂಬ ಕಾರಣಕ್ಕೇ ನಾನು ಇದನ್ನು ಆರಿಸಿದೆ.

ಎತ್ತರವನ್ನೂ ಅಳೆಯಬೇಕು. ಕೂಲರಿನ ಎತ್ತರ 158 ಮಿಲಿಮೀಟರ್, ಅಗಲ 125, ಫ್ಯಾನ್ ಸೇರಿ ದಪ್ಪ 71. ಪ್ರೊಸೆಸರಿನ ಮೇಲ್ಮೈಯಿಂದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನವರೆಗೆ ಅಷ್ಟು ಜಾಗ ಇಲ್ಲದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಲಿಕ್ವಿಡ್ ಕೂಲರಿನ ಪಂಪ್ ತೀರ ಗಿಡ್ಡವಾದ್ದರಿಂದ ಇದುವರೆಗೆ ಯಾರೂ ಈ ಅಳತೆಯ ಗೊಡವೆಗೆ ಹೋಗಿರುವುದಿಲ್ಲ. ಬಾಗಿಲಿನ ಒಳಮೈಗೆ ಫ್ಯಾನ್ ಜೋಡಿಸಿದ ಆ ಕಾಲದ ಕ್ಯಾಬಿನೆಟ್ಟುಗಳಲ್ಲಿ ಇನ್ನೂ 25 ಮಿಲಿಮೀಟರ್ ಕಳೆದು ಲೆಕ್ಕ ಹಾಕಬೇಕಾಗುತ್ತದೆ.

ಜೋಡಣೆಯ ಕೆಲಸ ಕಷ್ಟದ್ದಲ್ಲ, ಆದರೆ ಅವಸರದಲ್ಲಿ ಮಾಡುವಂಥದ್ದೂ ಅಲ್ಲ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ವಿದ್ಯುತ್ ತಂತಿ ತೆಗೆದ ಬಳಿಕ ಪಂಪಿನ ಬ್ಲಾಕನ್ನು ಮೆಲ್ಲಗೆ ಎಡಬಲಕ್ಕೆ ತಿರುಗಿಸಿದರೆ ನಡುವೆ ಶಾಖ ದಾಟಿಸಲು ಹಚ್ಚಿದ ಹಳೆಯ ಥರ್ಮಲ್ ಪೇಸ್ಟಿನ ಅಂಟು ಬಿಡುತ್ತದೆ. ರೇಡಿಯೇಟರ್ ಬಿಚ್ಚುವಾಗ ನಳಿಕೆಗಳನ್ನು ಬಗ್ಗಿಸದೆ, ಇಡೀ ಘಟಕವನ್ನು ಒಟ್ಟಿಗೆ ಹೊರತೆಗೆಯುವುದು ಒಳ್ಳೆಯದು. ಪ್ರೊಸೆಸರಿನ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು. ಇಲ್ಲಿಂದ ಮುಂದೆ ಕ್ಯಾಬಿನೆಟ್ಟಿನ ವಯಸ್ಸು ಎದ್ದು ಕಾಣುತ್ತದೆ. ಈಗಿನ ಕ್ಯಾಬಿನೆಟ್ಟುಗಳಲ್ಲಿ ಬೋರ್ಡಿನ ಹಿಂದಿನ ತಗಡಿನಲ್ಲಿ ದೊಡ್ಡ ಕಿಂಡಿ ಇರುತ್ತದೆ, ಹಳೆಯವುಗಳಲ್ಲಿ ಹಲವಕ್ಕೆ ಅದಿಲ್ಲ. ಹಿಂಬದಿಯ ಪಟ್ಟಿಯನ್ನು ಕೂರಿಸಲು ಇಡೀ ಮದರ್‌ಬೋರ್ಡನ್ನೇ ಹೊರತೆಗೆಯಬೇಕಾಗುತ್ತದೆ, ಅಂದರೆ ಒಂದೊಂದು ತಂತಿಯ ಜಾಗವನ್ನೂ ಮೊದಲು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕಾಗುತ್ತದೆ. ಹೇಗೂ ಬೋರ್ಡ್ ಹೊರಗೆ ಬಂದಿದೆಯಲ್ಲ ಎಂದು ವರ್ಷಗಳ ಧೂಳನ್ನು ತೆಗೆಯಲು ಇದೇ ಸಮಯ.

ನಾಕ್ಟುವಾದ ಜೋಡಣೆಯ ವ್ಯವಸ್ಥೆಯನ್ನು ಮೆಚ್ಚದೆ ವಿಧಿಯಿಲ್ಲ. ಹಿಂಬದಿಯ ಪಟ್ಟಿ, ಎದುರಿನ ಎರಡು ಕಂಬಿಗಳು, ಕೊನೆಗೆ ಸ್ಪ್ರಿಂಗ್ ಇರುವ ಎರಡು ಸ್ಕ್ರೂ: ಇಷ್ಟೇ. ಸ್ಕ್ರೂ ತಾನಾಗಿ ನಿಲ್ಲುವವರೆಗೆ ತಿರುಗಿಸಿದರೆ ಸಾಕು, ಒತ್ತಡ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಅಂದಾಜಿನ ಆಟವಿಲ್ಲ. ಎನ್‌ಟಿ-ಎಚ್1 ಥರ್ಮಲ್ ಪೇಸ್ಟಿನ ಕೊಳವೆ, ಎರಡನೆಯ ಫ್ಯಾನ್ ಹಾಕುವವರಿಗೆ ಬೇಕಾದ ಕ್ಲಿಪ್ಪುಗಳು ಡಬ್ಬಿಯಲ್ಲಿವೆ. 1366 ಸಾಕೆಟ್ಟಿನ ತೂತುಗಳು ಸಮಚೌಕದಲ್ಲಿ ಇರುವುದರಿಂದ ಕೂಲರನ್ನು ಯಾವ ದಿಕ್ಕಿಗೆ ಬೇಕಾದರೂ ಕೂರಿಸಬಹುದು. ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುವಂತೆ ಕೂರಿಸಿ, ರೇಡಿಯೇಟರ್ ಇದ್ದ ಹಿಂಬದಿಯ ಜಾಗಕ್ಕೆ ನಿಧಾನವಾಗಿ ತಿರುಗುವ ಒಂದು ಕ್ಯಾಬಿನೆಟ್ ಫ್ಯಾನ್ ಹಾಕುವುದು ಸರಿಯಾದ ಕ್ರಮ. ಆ ಜಾಗವನ್ನು ಖಾಲಿ ಬಿಟ್ಟರೆ ಟವರಿನಿಂದ ಹೊರಬಂದ ಬಿಸಿಗಾಳಿ ಒಳಗೇ ಸುತ್ತಾಡುತ್ತದೆ. ದಪ್ಪ ಕಡಿಮೆಯಾದ್ದರಿಂದ ಮೆಮೊರಿಯ ಮೇಲೆ ಕೂಲರ್ ಚಾಚಿಕೊಂಡಿಲ್ಲ. ಆ ಕಾಲದ ಡಿಡಿಆರ್3 ಪಟ್ಟಿಗಳಿಗೆ ಕಿರೀಟದಂಥ ಎತ್ತರದ ತಗಡು ಹಾಕುವ ಚಟ ತಯಾರಕರಿಗೆ ಇತ್ತು. ಅವನ್ನು ತೆಗೆಯದೆಯೇ ಆರೂ ಸ್ಲಾಟುಗಳನ್ನು ಬಳಸಲು ಸಾಧ್ಯವಾಗಿರುವುದು ಸಣ್ಣ ಅನುಕೂಲವಲ್ಲ.

ಈಗ ಸದ್ದಿನ ವಿಚಾರ. ಈ ಬದಲಾವಣೆಯ ಉದ್ದೇಶವೇ ಅದು. ಸಂಖ್ಯೆಗಳ ಪ್ರಕಾರ ಇದರೊಂದಿಗೆ ಬರುವ ಎನ್‌ಎಫ್-ಎಫ್12 ಫ್ಯಾನ್ ನಿಮಿಷಕ್ಕೆ 300ರಿಂದ 1500 ಸುತ್ತು ತಿರುಗುತ್ತದೆ, ಪೂರ್ಣ ವೇಗದಲ್ಲಿ 22.4 ಡೆಸಿಬೆಲ್, ಡಬ್ಬಿಯಲ್ಲಿರುವ ವೇಗ ತಗ್ಗಿಸುವ ತಂತಿಯನ್ನು ನಡುವೆ ಹಾಕಿದರೆ ಗರಿಷ್ಠ 1200 ಸುತ್ತು, 18.6 ಡೆಸಿಬೆಲ್. ಆದರೆ ಡೆಸಿಬೆಲ್ ಲೆಕ್ಕ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಪಂಪಿನ ಸದ್ದು ಒಂದೇ ಶ್ರುತಿಯಲ್ಲಿ, ಕೀರಲಾಗಿ, ಯಂತ್ರ ಸುಮ್ಮನಿದ್ದಾಗಲೂ ನಿಲ್ಲದೆ ಕೇಳಿಸುತ್ತದೆ. ಕಿವಿ ಅಂಥ ಸದ್ದನ್ನು ಬೇಡವೆಂದರೂ ಹುಡುಕಿ ಹಿಡಿಯುತ್ತದೆ. ನಿಧಾನವಾದ ಫ್ಯಾನಿನ ಸದ್ದು ಹಾಗಲ್ಲ, ಅದು ಹರಡಿಕೊಂಡ ಗಾಳಿಯ ಸುಯ್ಲು, ಮೇಲೆ ತಿರುಗುವ ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಕರಗಿಹೋಗುತ್ತದೆ. ಬರೆಯುವುದು, ಓದುವುದು, ಬ್ರೌಸರ್ ತೆರೆದಿಡುವುದು ಇಂಥ ಹಗುರ ಕೆಲಸದಲ್ಲಿ ಐ7-920 ತನ್ನ ವೇಗವನ್ನು 1.6 ಗಿಗಾಹರ್ಟ್ಸ್‌ಗೆ ಇಳಿಸಿಕೊಳ್ಳುತ್ತದೆ, ಆಗ ಕೂಲರಿನ ಫ್ಯಾನ್ ತಿರುಗುತ್ತಿದೆಯೇ ಎಂದು ಬಗ್ಗಿ ನೋಡಬೇಕಾಗುತ್ತದೆ. ವಿಡಿಯೊ ಪರಿವರ್ತನೆಯಂಥ ದೀರ್ಘ ಕೆಲಸದಲ್ಲಿ ಸದ್ದು ಏರುವುದು ನಿಜ, ಆದರೆ ಪಕ್ಕದಲ್ಲಿ ಕುಳಿತವರ ಮಾತಿಗೆ ಅಡ್ಡಿಯಾಗುವಷ್ಟು ಏರುವುದಿಲ್ಲ. ಇದರ ಒಂದು ಅಡ್ಡ ಪರಿಣಾಮವನ್ನೂ ಹೇಳಬೇಕು: ಪಂಪಿನ ಕೀರಲು ನಿಂತ ಮೇಲೆ ಹಳೆಯ ಹಾರ್ಡ್‌ಡಿಸ್ಕಿನ ಕಟಕಟವೂ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನಿನ ಗೊಣಗಾಟವೂ ಹೊಸದಾಗಿ ಕೇಳಿಸತೊಡಗುತ್ತವೆ. ಹಾರ್ಡ್‌ಡಿಸ್ಕಿನ ಜಾಗಕ್ಕೆ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕದೆ ಕೂಲರ್ ಒಂದನ್ನೇ ಬದಲಿಸಿದವರಿಗೆ ಸಿಗುವುದು ಅರ್ಧ ಮೌನ.

ಹಳೆಯ ಬಯೋಸ್‌ಗಳಲ್ಲಿ ಫ್ಯಾನಿನ ವೇಗ ನಿಯಂತ್ರಣ ಒರಟಾಗಿರುತ್ತದೆ. ಎರಡು ಮೂರು ಸಿದ್ಧ ಆಯ್ಕೆಗಳಿಗಿಂತ ಹೆಚ್ಚು ಸಿಗದೆ ಹೋಗಬಹುದು. ಲಿನಕ್ಸ್ ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಜೊತೆಗೆ ಬರುವ ಫ್ಯಾನ್‌ಕಂಟ್ರೋಲ್, ವಿಂಡೋಸ್ ಬಳಸುವವರಿಗೆ ಹಳೆಯ ಸ್ಪೀಡ್‌ಫ್ಯಾನ್ ಎಂಬ ತಂತ್ರಾಂಶಗಳು ಈ ಕೊರತೆಯನ್ನು ತುಂಬುತ್ತವೆ. ಫ್ಯಾನಿನ ತಂತಿಯನ್ನು ಬೋರ್ಡಿನ ಸಿಪಿಯು ಫ್ಯಾನ್ ಎಂದು ಗುರುತಿಸಿದ ನಾಲ್ಕು ಪಿನ್ನಿನ ಜಾಗಕ್ಕೇ ಚುಚ್ಚಬೇಕು, ಪಂಪಿನ ತಂತಿ ಇದ್ದ ಮೂರು ಪಿನ್ನಿನ ಜಾಗಕ್ಕಲ್ಲ.

ತಾಪಮಾನದ ಬಗ್ಗೆ ಹೇಳುವುದಾದರೆ, ಈ ಪ್ರೊಸೆಸರ್ ತನ್ನನ್ನು ತಾನೇ ನಿಧಾನಗೊಳಿಸಿಕೊಳ್ಳುವ ಮಿತಿ ಕೋರಿನಲ್ಲಿ 100 ಡಿಗ್ರಿ ಸೆಲ್ಸಿಯಸ್. ಮೂಲ ವೇಗದಲ್ಲಿ ಎಲ್ಲ ಕೋರುಗಳಿಗೂ ಕೆಲಸ ಕೊಟ್ಟಾಗಲೂ ಈ ಕೂಲರ್ ಆ ಮಿತಿಯಿಂದ ನೆಮ್ಮದಿಯ ಅಂತರದಲ್ಲಿ ಪ್ರೊಸೆಸರನ್ನು ಇಡುತ್ತದೆ, ಹೊಸದಾಗಿದ್ದ ಕಾಲದ ಲಿಕ್ವಿಡ್ ಕೂಲರಿಗೆ ಹೋಲಿಸಿದರೂ ಬೇಸರಪಡುವಂಥ ವ್ಯತ್ಯಾಸವಿಲ್ಲ. ಗಾಳಿಯಾಗಲಿ ದ್ರವವಾಗಲಿ ಕೋಣೆಗಿಂತ ತಣ್ಣಗೆ ಮಾಡಲಾರದು ಎಂಬುದನ್ನು ನಮ್ಮ ಓದುಗರು ಮರೆಯಬಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಕೋರೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಫ್ಯಾನನ್ನು ಸದಾ ನಿಧಾನಕ್ಕೆ ಇಟ್ಟು ನಿಶ್ಚಿಂತೆಯಿಂದ ಇರಬಹುದು. ಕಲಬುರಗಿ, ರಾಯಚೂರಿನ ಮೇ ತಿಂಗಳಿನಲ್ಲಿ ವೇಗ ತಗ್ಗಿಸುವ ತಂತಿಯನ್ನು ತೆಗೆದಿಡುವುದು ಕ್ಷೇಮ. ಮಂಗಳೂರು, ಕಾರವಾರದ ಕಡೆಯವರಿಗೆ ಉಪ್ಪುಗಾಳಿಯ ಚಿಂತೆ ಇದ್ದರೆ, ಇದರ ತಾಮ್ರಕ್ಕೂ ರೆಕ್ಕೆಗಳಿಗೂ ನಿಕಲ್ ಲೇಪ ಇದೆ ಎಂಬುದನ್ನು ಗಮನಿಸಬಹುದು.

ನಾನು ನಿರೀಕ್ಷಿಸದೆ ಸಿಕ್ಕ ಲಾಭ ಚಿಪ್‌ಸೆಟ್ಟಿನದು. ಎಕ್ಸ್58ರ ಮುಖ್ಯ ಚಿಪ್ಪೊಂದೇ 24 ವ್ಯಾಟ್‌ನಷ್ಟು ಶಾಖ ಹೊರಹಾಕುತ್ತದೆ, ಅದರ ಮೇಲೆ ಇರುವುದು ಸಾಮಾನ್ಯವಾಗಿ ಫ್ಯಾನಿಲ್ಲದ ಪುಟ್ಟ ಹೀಟ್‌ಸಿಂಕ್ (ಶಾಖ ಹೀರಿ ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಕಟ್ಟು). ಬೋರ್ಡ್ ವಿನ್ಯಾಸ ಮಾಡಿದವರು ಪ್ರೊಸೆಸರಿನ ಕೂಲರಿನಿಂದ ಹೊರಸೂಸುವ ಗಾಳಿ ಆ ಕಡೆಗೂ ಅಷ್ಟಿಷ್ಟು ಬೀಸುತ್ತದೆ ಎಂದು ಎಣಿಸಿರುತ್ತಾರೆ. ಪ್ರೊಸೆಸರಿನ ಮೇಲೆ ಗಾಳಿಯೇ ಬೀಸದ ಪಂಪ್ ಕೂತಾಗ ಆ ಚಿಪ್ಪೂ, ಪಕ್ಕದ ವೋಲ್ಟೇಜ್ ಸರ್ಕ್ಯೂಟುಗಳೂ ನಿಂತ ಗಾಳಿಯಲ್ಲಿ ಬೇಯುತ್ತವೆ. ಟವರ್ ಕೂಲರ್ ಗಾಳಿಯನ್ನು ನೇರವಾಗಿ ಬೋರ್ಡಿನ ಮೇಲೆ ಊದುವುದಿಲ್ಲವಾದರೂ ಸುತ್ತಲಿನ ಗಾಳಿಯನ್ನು ಚಲನೆಯಲ್ಲಿ ಇಡುತ್ತದೆ. ಹಳೆಯ ಬೋರ್ಡಿನ ಆಯುಷ್ಯದ ದೃಷ್ಟಿಯಿಂದ ಪ್ರೊಸೆಸರಿನ ತಾಪಮಾನದಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕಿಂತ ಇದು ಮುಖ್ಯ ಎಂದು ನನ್ನ ಅಭಿಪ್ರಾಯ, ಏಕೆಂದರೆ ಹಳೆಯ ಪ್ರೊಸೆಸರ್ ಎಲ್ಲಿ ಬೇಕಾದರೂ ಸಿಗುತ್ತದೆ, ಸುಸ್ಥಿತಿಯ ಎಕ್ಸ್58 ಬೋರ್ಡ್ ಸಿಗುವುದು ಕಷ್ಟ.

ಕೊರತೆಗಳು ಇಲ್ಲದಿಲ್ಲ. ಮೊದಲನೆಯದು ಬೆಲೆ. ಈ ಹಳೆಯ ಪ್ರೊಸೆಸರನ್ನು ಇಂದು ಮಾರಲು ಹೋದರೆ ಬರುವ ಹಣ ಕೂಲರಿನ ಬೆಲೆಯ ಹತ್ತಿರಕ್ಕೂ ಬಾರದು. ಆರು ವರ್ಷದ ವಾರಂಟಿ ಇದೆ, ಕೂಲರ್ ಈ ಯಂತ್ರದ ಕಾಲ ಮುಗಿದ ಮೇಲೂ ಸರಿಯಾದ ಕಿಟ್ಟಿನೊಂದಿಗೆ ಮುಂದಿನ ಯಂತ್ರಕ್ಕೆ ಹೋಗುತ್ತದೆ ಎಂಬ ಸಮಾಧಾನವನ್ನು ಮಾಡಿಕೊಳ್ಳಬಹುದು, ಆದರೂ ಖರ್ಚು ಖರ್ಚೇ. ಎರಡನೆಯದು ಬಣ್ಣ: ನಾಕ್ಟುವಾದ ಕಂದು ಮತ್ತು ಕೆನೆ ಬಣ್ಣದ ಫ್ಯಾನ್ ಯಾವ ಕ್ಯಾಬಿನೆಟ್ಟಿಗೂ ಹೊಂದುವುದಿಲ್ಲ. ಪೂರ್ತಿ ಕಪ್ಪು ಬಣ್ಣದ ಕ್ರೋಮ್ಯಾಕ್ಸ್ ಆವೃತ್ತಿ ಇದೆ; ಗಾಜಿನ ಬಾಗಿಲಿಲ್ಲದ ಹಳೆಯ ಕ್ಯಾಬಿನೆಟ್ಟಿನವರು ಅದಕ್ಕೆ ಹೆಚ್ಚು ಹಣ ತೆರಬೇಕಾಗಿಲ್ಲ. ಮೂರನೆಯದು ತೂಕ. ಫ್ಯಾನ್ ಸೇರಿ 755 ಗ್ರಾಂ ಲೋಹ ಬೋರ್ಡಿನಿಂದ ಅಡ್ಡಲಾಗಿ ನೇತಾಡುತ್ತದೆ, ಮನೆ ಬದಲಾಯಿಸುವಾಗ ಕ್ಯಾಬಿನೆಟ್ಟನ್ನು ಮಲಗಿಸಿಯೇ ಸಾಗಿಸಬೇಕು.

ಇಷ್ಟು ಖರ್ಚು ಬೇಡವೆನ್ನುವವರಿಗೆ ಕೂಲರ್ ಮಾಸ್ಟರ್ ಕಂಪನಿಯ ಹೈಪರ್ 212 ಪ್ಲಸ್ ಒಳ್ಳೆಯ ಪರ್ಯಾಯ. ಅದು 1366ರ ಕಾಲದ್ದೇ, ಅದಕ್ಕೆ ಬೇಕಾದ ಸಾಮಗ್ರಿ ಅದರ ಜೊತೆಗೇ ಬರುತ್ತಿತ್ತು, ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಹುಡುಕಿದರೆ ಸಿಗುತ್ತದೆ. ನಾಲ್ಕು ಹೀಟ್‌ಪೈಪುಗಳು ನೇರವಾಗಿ ಪ್ರೊಸೆಸರಿಗೆ ತಾಗುವ ಅದರ ವಿನ್ಯಾಸಕ್ಕೆ 130 ವ್ಯಾಟ್ ಭಾರವೇನಲ್ಲ. ಅದರ ಫ್ಯಾನ್ ಮಾತ್ರ 2000 ಸುತ್ತಿನವರೆಗೆ ಓಡಿ ಗದ್ದಲ ಮಾಡುತ್ತದೆ. ಹೀಟ್‌ಸಿಂಕ್ ಇಟ್ಟುಕೊಂಡು ಫ್ಯಾನನ್ನು ಬದಲಿಸಿದರೆ ನಾಕ್ಟುವಾ ಮೌನದ ಬಹುಪಾಲು ಕಡಿಮೆ ಖರ್ಚಿನಲ್ಲಿ ದಕ್ಕುತ್ತದೆ. ಮತ್ತೊಂದು ಹೊಸ ಲಿಕ್ವಿಡ್ ಕೂಲರ್ ಹಾಕುವ ದಾರಿಯನ್ನು ನಾನು ಸೂಚಿಸಲಾರೆ. ಹೊಸ ಮಾದರಿಗಳಲ್ಲಿ ಬಹಳಷ್ಟು 1366 ಸಾಕೆಟ್ಟನ್ನು ತಮ್ಮ ಪಟ್ಟಿಯಿಂದ ತೆಗೆದಿವೆ, ಹಾಕಲು ಸಾಧ್ಯವಾದರೂ ಇಂದಿನ ಸಮಸ್ಯೆಯನ್ನು ಕೆಲವು ವರ್ಷ ಮುಂದೂಡಿದಂತೆ ಅಷ್ಟೆ.

ಸದ್ದು ಕಡಿಮೆ ಮಾಡುವುದೇ ಗುರಿಯಾಗಿರುವವರು ಕೂಲರಿನ ಜೊತೆಗೆ ಪ್ರೊಸೆಸರನ್ನೂ ಪರಿಶೀಲಿಸಬೇಕು. ಎಕ್ಸ್58 ಬೋರ್ಡುಗಳಲ್ಲಿ ಹಲವು, ಬಯೋಸ್ ಹೊಸದಾಗಿಸಿದ ಮೇಲೆ, ಇಂಟೆಲ್‌ನ 32 ನ್ಯಾನೋಮೀಟರಿನ ಝಿಯಾನ್ ಎಕ್ಸ್5650ರಂಥ ಆರು ಕೋರಿನ ಚಿಪ್ಪುಗಳನ್ನು ಒಪ್ಪಿಕೊಳ್ಳುತ್ತವೆ. ಅದರ ಮೂಲ ವೇಗವೂ 2.66 ಗಿಗಾಹರ್ಟ್ಸ್, ಉಷ್ಣದ ಪ್ರಮಾಣ ಮಾತ್ರ 95 ವ್ಯಾಟ್. ಸರ್ವರುಗಳಿಂದ ಹೊರಬಿದ್ದ ಇಂಥ ಚಿಪ್ಪುಗಳು ಅಗ್ಗವಾಗಿ ಸಿಗುತ್ತವೆ. ಎರಡು ಕೋರ್ ಹೆಚ್ಚಾಗಿ, 35 ವ್ಯಾಟ್ ಕಡಿಮೆಯಾದರೆ ಎನ್‌ಎಚ್-ಯು12ಎಸ್‌ನ ಒಂದೇ ಫ್ಯಾನ್ ಸಾಕಾಗುತ್ತದೆ, ಎರಡನೆಯ ಫ್ಯಾನಿನ ಕ್ಲಿಪ್ಪುಗಳನ್ನು ಡಬ್ಬಿಯಲ್ಲೇ ಬಿಡಬಹುದು. ಕೊಳ್ಳುವ ಮುಂಚೆ ನಿಮ್ಮ ಬೋರ್ಡಿನ ತಯಾರಕರು ಪ್ರಕಟಿಸಿದ ಪ್ರೊಸೆಸರ್ ಪಟ್ಟಿಯಲ್ಲಿ ಆ ಚಿಪ್ಪಿನ ಹೆಸರನ್ನೂ ಅದಕ್ಕೆ ಬೇಕಾದ ಬಯೋಸ್ ಆವೃತ್ತಿಯನ್ನೂ ನೋಡಿಕೊಳ್ಳಿ; ಬಯೋಸ್ ಬದಲಿಸುವ ಕೆಲಸವನ್ನು ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿ ಇರುವಾಗಲೇ ಮುಗಿಸಬೇಕು.